ಮೀಟರ್ ನೋಡ್ತಾ ನೋಡ್ತಾ ಊರಿಗೆ ಬಂದೆವು

2022ರ ನವೆಂಬರ್. ಇಂಗ್ಲೆಂಡಿನ ಲೆಸ್ಟರ್‌ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕರೆಂಟು, ಗ್ಯಾಸಿನ ಖರ್ಚು ತೋರಿಸುವ ಪುಟ್ಟ ಡಬ್ಬಿ ಇತ್ತು. ಖರ್ಚು ಕಡಿಮೆ ಇದ್ದರೆ ಹಸಿರು ದೀಪ, ಜಾಸ್ತಿಯಾದರೆ ಕೆಂಪು. ನಾನು ಅಕ್ಕಿ ರೊಟ್ಟಿಗೆ ಹೆಂಚಿಟ್ಟರೆ ಸಾಕು, ಇವರು ಆ ಡಬ್ಬಿ ಮುಂದೆ ಬಂದು ನಿಲ್ಲುತ್ತಿದ್ದರು. ಹೀಟರ್ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಅಷ್ಟೇ. ಮನೆಯೊಳಗೇ ಎರಡೆರಡು ಸ್ವೆಟರ್. ಒಂದು ರಾತ್ರಿ ಇವರು ಟೋಪಿ ಹಾಕಿಕೊಂಡು ಮಲಗಿದ್ದು ನೋಡಿ ನನಗೆ ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ.

ನಾನು ನರ್ಸ್. 2001ರಲ್ಲಿ ಹೋದವಳು. ಆಗ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ನಮ್ಮ ಕಡೆಯಿಂದ ಗುಂಪು ಗುಂಪಾಗಿ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಿದ್ದರು. ಇವರು ಬಸ್ ಓಡಿಸುತ್ತಿದ್ದರು. ಮನೆ ಸಾಲ ತೀರಿತ್ತು, ಮಗಳು ಕೆಲಸಕ್ಕೆ ಸೇರಿದ್ದಳು. ಇನ್ನೇನು ಆರಾಮ ಅಂದುಕೊಂಡಾಗ ಆ ಚಳಿಗಾಲ ಬಂತು. ಅಕ್ಟೋಬರ್‌ನಲ್ಲಿ ಬೆಲೆಯೇರಿಕೆ ಶೇಕಡ 11.1ಕ್ಕೆ ಮುಟ್ಟಿತ್ತು. ಅದರ ಹಿಂದಿನ ಚಳಿಗಾಲದಲ್ಲಿ ಒಂದು ಸಾಧಾರಣ ಮನೆಗೆ ವರ್ಷಕ್ಕೆ 1,277 ಪೌಂಡ್ ಎಂದು ಲೆಕ್ಕ ಹಾಕಿದ್ದ ಕರೆಂಟು-ಗ್ಯಾಸ್ ಬಿಲ್ಲು, ಸರ್ಕಾರ ಕೈಹಾಕಿ ತಡೆದ ಮೇಲೂ 2,500 ಆಯಿತು. ಸಾಲ ತೀರಿದ ಸ್ವಂತ ಮನೆಗೂ ವರ್ಷಕ್ಕೆ ಹತ್ತು ಕಂತು ಕೌನ್ಸಿಲ್ ಟ್ಯಾಕ್ಸ್ (ಅಲ್ಲಿನ ಮನೆ ಕಂದಾಯ) ಬೇರೆ. ನಾನು ಕೆಲಸ ಬಿಟ್ಟ ದಿನದಿಂದ ಇದೆಲ್ಲ ಪೆನ್ಶನ್‌ನಲ್ಲೇ ನಡೆಯಬೇಕು. ಒಂದು ಭಾನುವಾರ ಕೂತು ಲೆಕ್ಕ ಬರೆದೆವು. ಬದುಕಬಹುದಿತ್ತು. ಆದರೆ ಆ ಡಬ್ಬಿ ನೋಡಿಕೊಂಡೇ ಬದುಕಬೇಕಿತ್ತು. 2023ರ ಅಕ್ಟೋಬರ್‌ನಲ್ಲಿ ಮನೆ ಮಾರಿ ಕೊಡಗಿಗೆ ಬಂದೆವು.

ಅಲ್ಲಿಂದ ಈಗಲೂ ಫೋನ್ ಬರುತ್ತಿರುತ್ತದೆ. 'ಅಕ್ಕಾ, ಪೌಂಡ್ ತಂದು ರೂಪಾಯಿಯಲ್ಲಿ ಖರ್ಚು ಮಾಡೋದು ಅಂದ್ರೆ ಸ್ವರ್ಗ ಅಲ್ವಾ?' ಅಂತ. ಅರ್ಧ ನಿಜ. ಇನ್ನರ್ಧ ಇಲ್ಲಿ ಬರೆಯುತ್ತೇನೆ.

ಮೊದಲು ಪೆನ್ಶನ್ ವಿಷಯ. ಅಲ್ಲಿ ಎರಡು ಪೆನ್ಶನ್ ಇರುತ್ತವೆ. ಕೆಲಸದ ಪೆನ್ಶನ್ ಒಂದು, ಸರ್ಕಾರದ ಸ್ಟೇಟ್ ಪೆನ್ಶನ್ ಒಂದು. ನನ್ನ ಕೆಲಸದ ಪೆನ್ಶನ್ ನಾನು ಎಲ್ಲಿದ್ದರೂ ವರ್ಷ ವರ್ಷ ಏರುತ್ತದೆ. ಸ್ಟೇಟ್ ಪೆನ್ಶನ್ ಹಾಗಲ್ಲ. ಭಾರತದಲ್ಲಿ ಇದ್ದುಕೊಂಡು ತೆಗೆದುಕೊಂಡರೆ ಮೊದಲ ಸಲ ಎಷ್ಟು ಸಿಕ್ಕಿತೋ ಕೊನೆಯವರೆಗೂ ಅಷ್ಟೇ. ಉದಾಹರಣೆಗೆ 2016ರಲ್ಲಿ ಪೂರ್ತಿ ಪೆನ್ಶನ್ ವಾರಕ್ಕೆ 155.65 ಪೌಂಡ್ ಇತ್ತು. ಆಗ ಶುರು ಮಾಡಿ ಇಲ್ಲಿ ಬಂದು ಕೂತವರಿಗೆ ಈಗಲೂ ಅದೇ 155.65. ಅಲ್ಲೇ ಉಳಿದವರಿಗೆ 2025ರಲ್ಲಿ 230.25. ಅಮೆರಿಕದಲ್ಲಿದ್ದರೆ ಏರುತ್ತದೆ, ಫಿಲಿಪ್ಪೀನ್ಸ್‌ನಲ್ಲಿದ್ದರೂ ಏರುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಾಕ್ಕೆ ಇಲ್ಲ. ತಮಾಷೆ ಏನೆಂದರೆ, ಮಗಳನ್ನು ನೋಡಲು ಅಲ್ಲಿಗೆ ಹೋದರೆ ಅಲ್ಲಿರುವಷ್ಟು ದಿನ ಹೊಸ ದರ ಕೊಡುತ್ತಾರೆ. ವಾಪಸ್ ಬಂದರೆ ಮತ್ತೆ ಹಳೆಯದೇ. ಪೂರ್ತಿ ಪೆನ್ಶನ್‌ಗೆ 35 ವರ್ಷ ಕಂತು ಕಟ್ಟಿರಬೇಕು, ನನ್ನದು 22. ನನಗೆ ಅದು ಶುರುವಾಗುವುದೇ 67ಕ್ಕೆ. ಹಾಗಾಗಿ ನಮ್ಮ ತಿಂಗಳ ಲೆಕ್ಕದಲ್ಲಿ ಸ್ಟೇಟ್ ಪೆನ್ಶನ್ ಸೇರಿಸಲೇ ಇಲ್ಲ. ಬಂದರೆ ಬರಲಿ ಅಂತ ಬಿಟ್ಟಿದ್ದೇವೆ. ಇದನ್ನು ತಿಳಿಯದೆ ಬಂದವರು ಎಂಬತ್ತರ ಹತ್ತಿರ ಕೈಕೈ ಹಿಸುಕಿಕೊಳ್ಳುತ್ತಾರೆ.

ಆಮೇಲೆ ಜಾಗ. ನನ್ನ ಆಸೆ ಇದ್ದದ್ದು ಅಮ್ಮತ್ತಿ ಕಡೆ ಎರಡು ಎಕರೆ ಕಾಫಿ ತೋಟ, ಅದರಲ್ಲೊಂದು ಸಣ್ಣ ಮನೆ. ಅಣ್ಣ ಜಾಗವನ್ನೂ ನೋಡಿಟ್ಟಿದ್ದ. ವಕೀಲರು ನನ್ನ ಪಾಸ್‌ಪೋರ್ಟ್ ನೋಡಿದರು, ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ನೋಡಿದರು, ಫೈಲ್ ಮುಚ್ಚಿದರು. 'ಮೇಡಂ, ಸೈಟ್ ತಗೊಳ್ಳಿ, ಫ್ಲ್ಯಾಟ್ ತಗೊಳ್ಳಿ. ತೋಟ, ಗದ್ದೆ ನಿಮ್ಮ ಹೆಸರಿಗೆ ಆಗಲ್ಲ.' ಓಸಿಐ ಇರುವವರು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಂಡುಕೊಳ್ಳುವ ಹಾಗಿಲ್ಲ. ತಂದೆತಾಯಿಯಿಂದ ಪಾಲಾಗಿ ಬಂದರೆ ಇಟ್ಟುಕೊಳ್ಳಬಹುದು. ನಾನು ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ಸಹೋದ್ಯೋಗಿಗಳಿಗೆಲ್ಲ ಕೇಕ್ ಹಂಚಿದ್ದೆ. ಹುಟ್ಟಿದ ಊರಲ್ಲಿ ನಾಲ್ಕು ಕಾಫಿ ಗಿಡ ಕೊಳ್ಳುವ ಹಕ್ಕು ಹೋಯಿತು ಅಂತ ಅವತ್ತು ಯಾರು ಯೋಚಿಸುತ್ತಾರೆ?

ಅಣ್ಣನ ಹೆಸರಲ್ಲಿ ಕೊಂಡು ಬಿಡು ಅಂತ ನೆಂಟರೆಲ್ಲ ಹೇಳಿದರು. ಬೇಡ ಅಂದೆ. ಅಣ್ಣ ಒಳ್ಳೆಯವನೇ. ಆದರೆ ಕೊಡಗಿನ ಜಾಗದ ಕಾಗದಪತ್ರ ಸುಮ್ನೆ ಅಲ್ಲ. ತಲೆತಲಾಂತರದಿಂದ ಕುಟುಂಬಕ್ಕೆ ಸೇರಿದ ಜಮ್ಮಾ ಬಾಣೆ ಜಮೀನು, ಪಟ್ಟೇದಾರರ ಅಂದರೆ ಕುಟುಂಬದ ಹಿರಿಯರ ಹೆಸರು, ಪಹಣಿಯಲ್ಲಿ ಹತ್ತು ಜನ. ಅದರ ಮೇಲೆ ಇನ್ನೊಂದು ಗಂಟು ನಾನೇ ಯಾಕೆ ಹಾಕಲಿ? ಅಷ್ಟಕ್ಕೂ 2024ರಲ್ಲಿ ಕಾಫಿಗೆ ಎಂದೂ ಕಾಣದ ಬೆಲೆ ಬಂದ ಮೇಲೆ ತೋಟದ ರೇಟು ನಮ್ಮ ಕೈಗೆ ಎಟುಕುವಂತೆಯೂ ಇರಲಿಲ್ಲ.

ಹಾಗಾಗಿ ಬಾಡಿಗೆ ಮನೆ. ವಿರಾಜಪೇಟೆಯಲ್ಲಿ ಮನೆ ಸಿಗಲು ಎರಡೂವರೆ ತಿಂಗಳು ಬೇಕಾಯಿತು. ಕೇಳಿದಲ್ಲೆಲ್ಲ ಒಂದೇ ಉತ್ತರ, 'ಹೋಂಸ್ಟೇ ಮಾಡ್ತೀವಿ ಅಕ್ಕ.' ಎರಡು ದಿನದ ಟೂರಿಸ್ಟ್ ಕೊಡುವ ದುಡ್ಡಿನ ಮುಂದೆ ತಿಂಗಳ ಬಾಡಿಗೆ ಯಾರಿಗೆ ಬೇಕು? ಇಲ್ಲೇ ಹುಟ್ಟಿ ಬೆಳೆದ ಟೀಚರ್, ಲೈನ್‌ಮನ್ ಕೂಡ ಮನೆ ಸಿಗದೆ ಒದ್ದಾಡುತ್ತಿದ್ದಾರೆ. ನಾವು ಬೆಲೆಯೇರಿಕೆ ತಾಳಲಾರದೆ ಓಡಿ ಬಂದೆವು. ಬಂದವರು ಇಲ್ಲಿನ ಬಾಡಿಗೆ ಏರಿಸಿದೆವು. ಮುಚ್ಚಿಡುವುದೇಕೆ, ಹದಿನೈದು ಸಾವಿರ ಕೊಡುತ್ತೇವೆ ಅಂದಾಗ ಓನರ್ ನಮಗೇ ಕೊಟ್ಟರು. ನಮಗಿಂತ ಮೊದಲು ಕೇಳಿದವರಿಗೆ ಕೊಡಲಿಲ್ಲ.

ಬಾಡಿಗೆಗೆ ಇದ್ದದ್ದೇ ಒಳ್ಳೆಯದಾಯಿತು ಅಂತ ಮೊದಲ ಮಳೆಗಾಲದಲ್ಲಿ ಗೊತ್ತಾಯಿತು. ನಾನು ಹುಟ್ಟಿದ್ದು ಈ ಮಳೆಯಲ್ಲೇ, ಆದರೂ ಮರೆತಿದ್ದೆ. ಜುಲೈ ಎರಡನೇ ವಾರ ಬೀರು ತೆಗೆದರೆ ಇವರ ಚರ್ಮದ ಶೂ ಮೇಲೆ ಹಸಿರು ಬೂಷ್ಟು, ಮೊಲದ ಕೂದಲಿನ ಹಾಗೆ. ಒಳಗೆ ಬೆರಳು ಹಾಕಿದರೆ ಬೆರಳೂ ಹಸಿರು. ಕಂಟೇನರ್‌ನಲ್ಲಿ ಅಷ್ಟು ದುಡ್ಡು ಕೊಟ್ಟು ತರಿಸಿದ್ದ ಸೋಫಾ ಸೆಪ್ಟೆಂಬರ್ ಹೊತ್ತಿಗೆ ವಾಸನೆ. ಮರ ಬಿದ್ದು ಕರೆಂಟ್ ಹೋದರೆ ಒಮ್ಮೆ ನಾಲ್ಕು ದಿನ ಇಲ್ಲ. ಇನ್‌ವರ್ಟರ್ ಮೊದಲ ದಿನ ಸಂಜೆಗೇ ಕೀ ಕೀ ಅಂದು ಸುಮ್ಮನಾಯಿತು. ಒಣಗದ ಬಟ್ಟೆಗಳನ್ನು ಬಚ್ಚಲು ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ. ಮನೆಯೆಲ್ಲ ಹೊಗೆ ವಾಸನೆ. ಇವರು ಅದೇ ಶರ್ಟ್ ಹಾಕಿಕೊಂಡು ಬ್ಯಾಂಕಿಗೆ ಹೋದರು. ಇನ್ನು ಸೈಟ್ ನೋಡುವುದಾದರೆ ಹಿಂದೆ ಗುಡ್ಡ ಕಡಿದಿದ್ದಾರಾ ಅಂತ ಮೊದಲು ನೋಡುತ್ತೇನೆ. ಗುಡ್ಡ ಕುಸಿದು ಮನೆಗಳು ಹೋದ 2018ರ ಆಗಸ್ಟ್ ಇಲ್ಲಿ ಯಾರೂ ಮರೆತಿಲ್ಲ.

ಆಸ್ಪತ್ರೆಯದ್ದು ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ಅಲ್ಲಿ 22 ವರ್ಷ ತೆರಿಗೆ ಕಟ್ಟಿದ್ದರೂ ಅಲ್ಲಿನ ವಾಸ ಬಿಟ್ಟ ಮೇಲೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಬಿಲ್ಲು ಕಟ್ಟಬೇಕು. ಇಲ್ಲಿ ಇನ್ಶೂರೆನ್ಸ್‌ಗೆ ಇವರ ಬಿಪಿ, ನನ್ನ ಶುಗರ್ ಎರಡೂ ಅಡ್ಡ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು ಅಂತ ನಿಯಮ. ಅದಕ್ಕೆ ಬಂದ ತಿಂಗಳೇ ಪಾಲಿಸಿ ಮಾಡಿಸಿದೆ, ಎಫ್‌ಡಿ ಒಂದನ್ನು ಆಸ್ಪತ್ರೆಗೆ ಅಂತಲೇ ಮುಟ್ಟದೆ ಇಟ್ಟೆ. ಕಳೆದ ವರ್ಷ ಒಂದು ರಾತ್ರಿ ಇವರಿಗೆ ಎದೆ ಉರಿ, ಬೆವರು. ಊರಲ್ಲೇ ಇಸಿಜಿ ಮಾಡಿದರು, ಆದರೂ ಮೈಸೂರಿಗೆ ಹೋಗಿ ಅಂದರು. ನೂರು ಕಿಲೋಮೀಟರ್‌ಗೂ ಜಾಸ್ತಿ. ತಿತಿಮತಿ ದಾಟಿ ಕಾಡಿನ ರಸ್ತೆಯಲ್ಲಿ ಆನೆ ಅಡ್ಡ ನಿಂತಿದ್ದರೆ ಏನು ಮಾಡುವುದು ಅಂತ ಡ್ರೈವರ್‌ನ ಕೇಳಿದೆ. 'ಕಾಯೋದು ಅಕ್ಕ,' ಅಂದ. ಹುಣಸೂರು ದಾಟುವ ತನಕ ಇವರ ನಾಡಿ ಹಿಡಿದೇ ಕೂತಿದ್ದೆ. ಕೊನೆಗೆ ಅದು ಗ್ಯಾಸ್ಟ್ರಿಕ್. ಹಿಂದಿನ ರಾತ್ರಿ ತಿಂದ ಪಂದಿ ಕರಿಯ ಮಹಿಮೆ.

ಖರ್ಚಿನ ಪುಸ್ತಕ ಈಗಲೂ ಬರೆಯುತ್ತೇನೆ. ತಿಂಗಳಿಗೆ ಅರವತ್ತು ಸಾವಿರದ ಒಳಗೆ ನಡೆಯುತ್ತದೆ. ಅಲ್ಲಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಅಲ್ಲಿ ಇಲ್ಲದ ಸಾಲುಗಳು ಇಲ್ಲಿ ಸೇರಿಕೊಂಡಿವೆ: ಇನ್ಶೂರೆನ್ಸ್ ಕಂತು, ಬ್ಯಾಟರಿ, ಕಾರಿನ ಡೀಸೆಲ್, ಮುಯ್ಯಿ. ಮುಯ್ಯಿಯನ್ನಂತೂ ಕೇಳಬೇಡಿ. ಏಪ್ರಿಲ್, ಮೇನಲ್ಲಿ ವಾರಕ್ಕೆ ಎರಡು ಮದುವೆ. ಲಂಡನ್‌ನವರ ಕವರ್ ಅಂತ ಎಲ್ಲರಿಗೂ ನಿರೀಕ್ಷೆ. ನಾವಿದ್ದದ್ದು ಲೆಸ್ಟರ್ ಅಂದರೆ ಯಾರು ಕೇಳ್ತಾರೆ?

ಹೋದ ವಾರ ಲೆಸ್ಟರ್‌ನಿಂದ ಹಳೆಯ ಗೆಳತಿ ಫೋನ್ ಮಾಡಿದ್ದಳು. ಡಿಸೆಂಬರ್‌ನಲ್ಲಿ ಬಂದು ಮನೆ ನೋಡಿ ಅಡ್ವಾನ್ಸ್ ಕೊಟ್ಟು ಹೋಗುತ್ತಾಳಂತೆ. ಡಿಸೆಂಬರ್ ಬೇಡ, ಜುಲೈಯಲ್ಲಿ ಬಾ, ನಮ್ಮನೆಯಲ್ಲೇ ಮೂರು ವಾರ ಇರು ಅಂದೆ. ಟಿಕೆಟ್ ಮಾಡಿಸಿದ್ದಾಳೆ. ಚರ್ಮದ ಶೂ ತರಬೇಡ ಅಂತಲೂ ಹೇಳಿದ್ದೇನೆ.