ಸಿಯೆರಾದ ಸರೋವರದ ದಡದಲ್ಲಿ ಟೆಂಟು: ಮೊದಲು ಎತ್ತರ ನೋಡಿ

ಇನ್ಯೊ ನ್ಯಾಷನಲ್ ಫಾರೆಸ್ಟ್ ಇರುವುದು ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ಸಿಯೆರಾ ನೆವಾಡಾ ಬೆಟ್ಟಸಾಲಿನ ಬೆನ್ನಿಗೆ. 395ನೇ ಹೆದ್ದಾರಿಯಲ್ಲಿ ಲೀ ವೈನಿಂಗ್‌ನಿಂದ ಲೋನ್ ಪೈನ್ ಕಡೆಗೆ ಹೋಗುತ್ತಿದ್ದರೆ ಬಲಗಡೆಯ ಕಣಿವೆಗಳೊಳಕ್ಕೆ ಒಂದೊಂದೇ ರಸ್ತೆ ತಿರುಗುತ್ತದೆ. ಅಂಥ ಹೆಚ್ಚಿನ ರಸ್ತೆಗಳ ಕೊನೆಗೆ ಒಂದು ಸರೋವರವೋ ಹಿಮ ಕರಗಿ ಹರಿಯುವ ತೊರೆಯೋ ಸಿಗುತ್ತದೆ, ಪಕ್ಕದಲ್ಲೇ ಕ್ಯಾಂಪ್‌ಗ್ರೌಂಡ್. ಬೇ ಏರಿಯಾ, ಲಾಸ್ ಏಂಜಲೀಸ್ ಕಡೆಯ ಕನ್ನಡದ ಮನೆಗಳವರು ಬೇಸಿಗೆ ರಜೆಯಲ್ಲಿ, ಎಷ್ಟೋ ಸಲ ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು, ಇಲ್ಲಿಗೆ ಬರುತ್ತಾರೆ.

ಜಾಗ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಫೋಟೊ. ಅದಕ್ಕಿಂತ ಮೊದಲು ನೋಡಬೇಕಾದ್ದು ಎತ್ತರ. ಟಫ್ ಕ್ಯಾಂಪ್‌ಗ್ರೌಂಡ್ ಸುಮಾರು 7,000 ಅಡಿ. ಜೂನ್ ಲೇಕ್, ಓ ರಿಡ್ಜ್, ಕಾನ್ವಿಕ್ಟ್ ಲೇಕ್ ಮೂರೂ 7,600ರ ಆಸುಪಾಸು, ಬಿಗ್ ಪೈನ್ ಕ್ರೀಕ್ 7,700. ಮ್ಯಾಮತ್ ಊರಿನ ಮೇಲಿನ ಟ್ವಿನ್ ಲೇಕ್ಸ್ 8,600, ಲೇಕ್ ಮೇರಿ 8,900, ರಾಕ್ ಕ್ರೀಕ್ ಲೇಕ್ 9,600ಕ್ಕೂ ಮೇಲೆ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಜಾಗವೂ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲಿದೆ. ಯಾವ ತಿಂಗಳು ಹೋಗಬೇಕು, ಏನು ಹೊದೆಯಬೇಕು, ಬೇಳೆ ಬೇಯಲು ಎಷ್ಟು ಹೊತ್ತು, ರಾತ್ರಿ ತಲೆನೋವು ಬರುತ್ತದೋ ಇಲ್ಲವೋ, ಎಲ್ಲದಕ್ಕೂ ಈ ಒಂದು ಅಂಕಿಯೇ ಆಧಾರ.

ಯಾವಾಗ, ಹೇಗೆ ಕಾದಿರಿಸುವುದು

ಸಾವಿರ ಅಡಿ ಏರಿದರೆ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಜುಲೈನಲ್ಲಿ 4,150 ಅಡಿಯ ಬಿಷಪ್ ಊರು ಮಧ್ಯಾಹ್ನ ಕುಲುಮೆಯಂತೆ ಕಾದಿರುತ್ತದೆ. ಅದೇ ರಾತ್ರಿ ರಾಕ್ ಕ್ರೀಕ್ ಲೇಕ್‌ನಲ್ಲಿ 5 ಡಿಗ್ರಿಯ ಹತ್ತಿರಕ್ಕೆ ಬಂದರೂ ಆಶ್ಚರ್ಯವಿಲ್ಲ. 9,000 ಅಡಿಯ ಮೇಲಿನ ಜಾಗಗಳಲ್ಲಿ ಜೂನ್‌ನಲ್ಲೂ ಹಿಮ ಉಳಿದಿರುತ್ತದೆ, ಅದು ಕರಗಿದ ಮೇಲೆ ಮೂರು ನಾಲ್ಕು ವಾರ ಸೊಳ್ಳೆಯ ಕಾಟ. ಹಾಗಾಗಿ ಮೇಲಿನ ಸರೋವರಗಳಿಗೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಹೋಗುವುದು ಒಳ್ಳೆಯದು. 7,600 ಅಡಿಯ ಜಾಗಗಳಿಗೆ ಜೂನ್ ಕೊನೆ ಅಥವಾ ಸೆಪ್ಟೆಂಬರ್ ಆಗಬಹುದು. ಅಕ್ಟೋಬರ್ ಮೊದಲ ವಾರಗಳಲ್ಲಿ ಆಸ್ಪೆನ್ ಮರಗಳು ಹಳದಿಯಾಗುತ್ತವೆ, ನೋಡಲು ಅದಕ್ಕಿಂತ ಚೆಂದದ ಕಾಲವಿಲ್ಲ. ಆದರೆ ಆ ಹೊತ್ತಿಗೆ ನಲ್ಲಿ ನೀರು ನಿಲ್ಲಿಸಿರಬಹುದು, ಕೆಲವು ಕ್ಯಾಂಪ್‌ಗ್ರೌಂಡ್ ಮುಚ್ಚಿಯೂ ಇರಬಹುದು.

ಬೇ ಏರಿಯಾದಿಂದ ಹೊರಡುವವರು ಯೊಸೆಮಿಟಿಯ ಮೂಲಕ ಸಿಯೆರಾ ದಾಟುವ ಟಯೋಗಾ ರಸ್ತೆ ತೆರೆದಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಅದು ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆಯುತ್ತದೆ. ಹಿಮ ವಿಪರೀತ ಬಿದ್ದಿದ್ದ 2023ರಲ್ಲಿ ತೆರೆದದ್ದು ಜುಲೈ 22ಕ್ಕೆ. ಮುಚ್ಚಿದ್ದರೆ 50 ಅಥವಾ 88ನೇ ಹೆದ್ದಾರಿ ಹಿಡಿದು ಸುತ್ತಿ ಬರಬೇಕು.

ಕಾದಿರಿಸುವುದು ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ. ಬಹುಪಾಲು ಸೈಟುಗಳು, ಅಂದರೆ ಟೆಂಟ್ ಹೊಡೆಯಲು ಒಂದೊಂದು ಗುಂಪಿಗೆ ಕೊಡುವ ಜಾಗಗಳು, ನೀವು ತಲುಪುವ ದಿನಕ್ಕೆ ಸರಿಯಾಗಿ ಆರು ತಿಂಗಳ ಮುಂಚೆ, ಪೆಸಿಫಿಕ್ ಸಮಯ ಬೆಳಿಗ್ಗೆ 7ಕ್ಕೆ ತೆರೆಯುತ್ತವೆ. ಜುಲೈ 18ಕ್ಕೆ ಹೋಗಬೇಕಿದ್ದರೆ ಜನವರಿ 18ರ ಬೆಳಿಗ್ಗೆ ಕೂರಬೇಕು. ಮೊದಲೇ ಲಾಗಿನ್ ಆಗಿರಿ, ಬೇಕಾದ ನಾಲ್ಕೈದು ಸೈಟ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಒಂದೇ ಸೈಟಿಗೆ ಅಂಟಿಕೊಂಡವರಿಗೆ ಅರ್ಧ ನಿಮಿಷದಲ್ಲಿ ಅದೂ ಇಲ್ಲ, ಬೇರೆಯದೂ ಇಲ್ಲ. ಸಿಗದಿದ್ದರೆ ಹೊರಡುವ ವಾರದ ಹಿಂದುಮುಂದು ಮತ್ತೆ ಮತ್ತೆ ನೋಡಿ, ರದ್ದಾದ ಸೈಟುಗಳು ಬರುತ್ತಿರುತ್ತವೆ. ಮೊದಲು ಬಂದವರಿಗೆ ಕೊಡುವ ಕ್ಯಾಂಪ್‌ಗ್ರೌಂಡ್‌ಗಳೂ ಇವೆ. ಅವಕ್ಕೆ ಬುಧವಾರ ಅಥವಾ ಗುರುವಾರ, ಹಿಂದಿನವರು ಖಾಲಿ ಮಾಡುವ ಬೆಳಗಿನ ಹೊತ್ತಿಗೆ ಹೋಗಿ ನಿಲ್ಲಬೇಕು. ಶುಕ್ರವಾರ ಸಂಜೆ ಹೋದರೆ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಒಂದು ಸೈಟಿಗೆ ಎಷ್ಟು ಜನ, ಎಷ್ಟು ಕಾರು ಎಂಬ ಮಿತಿಯನ್ನು ಆ ಸೈಟಿನ ಪುಟದಲ್ಲೇ ಓದಿ. ಹೆಚ್ಚಿನ ಕಡೆ 6 ಜನ. ಎರಡು ಕುಟುಂಬ ಕೂಡಿ ಬರುವವರು ಅಕ್ಕಪಕ್ಕದ ಎರಡು ಸೈಟು ತೆಗೆದುಕೊಳ್ಳುವುದೇ ಸರಿ.

ಟೆಂಟ್ ಎಲ್ಲಿ ಹೊಡೆಯಬೇಕು

ನೀರಿಗೆ ಅಂಟಿದ ಜಾಗವೇ ಉತ್ತಮ ಎಂದು ತೋರುತ್ತದೆ. ಮಲಗಲು ಅದು ಸರಿಯಲ್ಲ. ರಾತ್ರಿ ತಂಪಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ, ಅಂದರೆ ದಡದಲ್ಲೇ, ನಿಲ್ಲುತ್ತದೆ. ನೀರಿನ ತೇವವೂ ಸೇರಿ ಬೆಳಗಾಗುವಷ್ಟರಲ್ಲಿ ಟೆಂಟಿನ ಒಳಮೈ ತೊಟ್ಟಿಕ್ಕುತ್ತದೆ. ಅದೇ ಕ್ಯಾಂಪ್‌ಗ್ರೌಂಡ್‌ನಲ್ಲಿ ದಡಕ್ಕಿಂತ ನಾಲ್ಕೈದು ಮೀಟರ್ ಮೇಲಿರುವ ಸೈಟು ಬೆಚ್ಚಗಿರುತ್ತದೆ, ಸೊಳ್ಳೆಯೂ ಕಡಿಮೆ. ಸಂಜೆ ನೀರಿನ ಬಳಿ ಕುಳಿತು ಬಂದು ಮೇಲೆ ಮಲಗಿ. ತೇವ ಹೋಗಲು ಮೇಲಿನ ಗಾಳಿಕಿಂಡಿಗಳನ್ನು ಚಳಿಯಾದರೂ ಮುಚ್ಚಬೇಡಿ.

ಟೆಂಟ್ ಬಿಚ್ಚುವ ಮೊದಲು ತಲೆ ಎತ್ತಿ ನೋಡಿ: ಒಣಗಿದ ಮರ, ಮುರಿದು ಸಿಕ್ಕಿಕೊಂಡ ಕೊಂಬೆ ಇದ್ದರೆ ಅದರ ಕೆಳಗೆ ಬೇಡ. ಜೂನ್ ಲೇಕ್, ಮ್ಯಾಮತ್ ಸುತ್ತ ನೆಲದಲ್ಲಿ ಹಳೆಯ ಜ್ವಾಲಾಮುಖಿಗಳು ಉಗುಳಿದ ಹಗುರ ಪ್ಯೂಮಿಸ್ ಕಲ್ಲಿನ ಪುಡಿ. ಟೆಂಟಿನ ಜೊತೆ ಕೊಡುವ 7 ಅಂಗುಲದ ಸಣ್ಣ ಗೂಟ ಅದರಲ್ಲಿ ನಿಲ್ಲುವುದಿಲ್ಲ, ಮಧ್ಯಾಹ್ನದ ಗಾಳಿಗೆ ಕಿತ್ತು ಬರುತ್ತದೆ. 10ರಿಂದ 12 ಅಂಗುಲದ ಅಗಲ ಗೂಟ ತನ್ನಿ, ಇಲ್ಲವೇ ಹಗ್ಗದ ಕುಣಿಕೆಗೆ ಗೂಟವನ್ನು ಅಡ್ಡಲಾಗಿ ಸಿಕ್ಕಿಸಿ ಅದರ ಮೇಲೆ ತಲೆಗಾತ್ರದ ಕಲ್ಲು ಹೇರಿ. ಓ ರಿಡ್ಜ್ ಬಯಲಾದ ದಿಬ್ಬ, ನೋಟ ಅದ್ಭುತ, ಗಾಳಿಯೂ ಅಷ್ಟೇ. ಹಗಲು ಸುತ್ತಾಡಲು ಹೋಗುವಾಗ ಅಲ್ಲಿ ಖಾಲಿ ಟೆಂಟ್ ಬಿಟ್ಟು ಹೋಗಬೇಡಿ, ಒಳಗೆ ಭಾರದ ಚೀಲಗಳಾದರೂ ಇರಲಿ.

ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದು ಹೆಚ್ಚು. ಮನೆಗೆ ನೆಂಟರು ಬಂದಾಗ ಊದುವ ಗಾಳಿ ಹಾಸಿಗೆಯೊಳಗೆ ಬರೀ ಗಾಳಿ. ಅದು ಮೈಶಾಖವನ್ನು ನೆಲಕ್ಕೆ ದಾಟಿಸುತ್ತದೆ, ಮೇಲೆ ಎಷ್ಟು ರಜಾಯಿ ಹೊದ್ದರೂ ಬೆನ್ನು ತಣ್ಣಗೇ. ಶಾಖವನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿ, ಅಂದರೆ ಆರ್ ಮೌಲ್ಯ, 4ಕ್ಕೆ ಮೇಲಿರುವ ಮಲಗುವ ಪ್ಯಾಡ್ ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಇಲ್ಲದಿದ್ದರೆ ಗಾಳಿ ಹಾಸಿಗೆಯ ಮೇಲೆ ಎರಡು ದಪ್ಪ ಕಂಬಳಿ ಹಾಸಿ ಮಲಗಿ. ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ ಬರೆದಿರುವ ಡಿಗ್ರಿಯನ್ನು ಹಾಗೇ ನಂಬಬೇಡಿ, ಹಲವು ಚೀಲಗಳ ಮೇಲೆ ಅದು ಹೇಗೋ ರಾತ್ರಿ ಕಳೆಯಬಹುದಾದ ಕೆಳಮಿತಿ. ‘ಕಂಫರ್ಟ್’ ಎಂದಿರುವ ಅಂಕಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ.

ಅಡುಗೆ: ಕುಕ್ಕರ್ ಮರೆಯಬೇಡಿ

ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಕಾನ್ವಿಕ್ಟ್ ಲೇಕ್‌ನಲ್ಲಿ 92ಕ್ಕೆ, ರಾಕ್ ಕ್ರೀಕ್ ಲೇಕ್‌ನಲ್ಲಿ 90ಕ್ಕೆ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಅದಕ್ಕೇ ತೊಗರಿಬೇಳೆ ಒಂದು ಗಂಟೆ ಕುದ್ದರೂ ಕಾಳುಕಾಳಾಗಿ ಉಳಿಯುತ್ತದೆ, ಅನ್ನ ಹೊರಗೆ ಮುದ್ದೆ, ಒಳಗೆ ನುಚ್ಚು. ಕುಕ್ಕರ್ ಒಳಗೆ ಒತ್ತಡ ಕಟ್ಟಿಕೊಂಡು ಉಷ್ಣತೆ ಮತ್ತೆ 115 ಡಿಗ್ರಿಯ ಹತ್ತಿರ ಹೋಗುತ್ತದೆ. ಮನೆಯಲ್ಲಿ ಮೂರು ವಿಷಲ್ ಕೂಗಿಸುವವರು ಇಲ್ಲಿ ಐದು ಕೂಗಿಸಿ, ಬೇಳೆಯನ್ನು ಒಂದು ಗಂಟೆ ಮುಂಚೆ ನೆನೆಸಿಡಿ. 3 ಲೀಟರಿನ ಕುಕ್ಕರ್ ನಾಲ್ಕು ಜನಕ್ಕೆ ಸಾಕು. ಗ್ಯಾಸ್ಕೆಟ್ಟನ್ನು ಮನೆಯಲ್ಲೇ ಪರೀಕ್ಷಿಸಿ, ಮ್ಯಾಮತ್ ಅಂಗಡಿಗಳಲ್ಲಿ ಅದನ್ನು ಹುಡುಕುತ್ತಾ ಅರ್ಧ ದಿನ ಕಳೆಯಬೇಕಾಗಿಲ್ಲ. ತಲುಪಿದ ಮೊದಲ ರಾತ್ರಿಗೆ ಒಲೆಯೇ ಬೇಡ: ಪುಳಿಯೋಗರೆಯನ್ನೋ ಗೊಜ್ಜವಲಕ್ಕಿಯನ್ನೋ ಮಾಡಿಕೊಂಡೇ ಬನ್ನಿ.

ಎರಡು ಬರ್ನರಿನ ಒಲೆಗೆ 1 ಪೌಂಡಿನ ಹಸಿರು ಪ್ರೊಪೇನ್ ಸಿಲಿಂಡರ್ ಹಾಕುತ್ತಾರೆ. ಒಂದೇ ಬರ್ನರ್ ಪೂರ್ತಿ ಉರಿದರೆ ಅದು ಸುಮಾರು ಎರಡು ಗಂಟೆ, ಎರಡೂ ಉರಿದರೆ ಒಂದು ಗಂಟೆ. ನಾಲ್ಕು ಜನಕ್ಕೆ ಎರಡು ರಾತ್ರಿಗೆ ಮೂರು ಸಿಲಿಂಡರ್ ತನ್ನಿ. ಬರೀ ಬ್ಯೂಟೇನ್ ಡಬ್ಬಿಯ ಒಲೆ ತರಬೇಡಿ: ಬ್ಯೂಟೇನ್ ಅನಿಲವಾಗುವುದೇ ಸೊನ್ನೆ ಡಿಗ್ರಿಯ ಹತ್ತಿರ, ತಣ್ಣನೆಯ ಮುಂಜಾನೆ ಕಾಫಿಗೆ ಉರಿ ಬರುವುದಿಲ್ಲ. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ತರುವುದಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ನಲ್ಲಿ ನೀರು ಇಲ್ಲದಿದ್ದರೆ ಸರೋವರದ ನೀರನ್ನು ಸೋಸಿ ಅಥವಾ ಕುದಿಸಿ ಕುಡಿಯಿರಿ. 6,500 ಅಡಿಯ ಮೇಲೆ ಮೂರು ನಿಮಿಷ ಬಲವಾಗಿ ಕುದಿಯಬೇಕು. ನೀರು ಕನ್ನಡಿಯಂತಿದ್ದರೂ ಅದರಲ್ಲಿ ಜಿಯಾರ್ಡಿಯಾ ಎಂಬ ಪರೋಪಜೀವಿ ಇರಬಹುದು, ವಾರದ ನಂತರ ಮನೆಯಲ್ಲಿ ಭೇದಿ ಶುರುವಾಗುತ್ತದೆ. ಪಾತ್ರೆ ತೊಳೆಯುವುದು, ಸೋಪು ಹಚ್ಚಿ ಸ್ನಾನ, ಎರಡೂ ನೀರಿನಿಂದ 200 ಅಡಿ ದೂರದಲ್ಲಿ. ಸೋಪಿನ ಮೇಲೆ ‘ಬಯೋಡಿಗ್ರೇಡಬಲ್’ ಎಂದಿದ್ದರೂ ಅದು ಕೊಳೆತು ಹೋಗುವುದು ಮಣ್ಣಿನಲ್ಲಿ, ನೀರಿನಲ್ಲಲ್ಲ. ಕುಡಿಯುವ ನೀರಿನ ನಲ್ಲಿಯ ಕೆಳಗೂ ಪಾತ್ರೆ ತೊಳೆಯಬಾರದು. ಮುಸುರೆಯನ್ನು ಜರಡಿಯಲ್ಲಿ ಸೋಸಿ ಅಗುಳು, ಕರಿಬೇವು ಎಲ್ಲವನ್ನೂ ಕಸದ ಡಬ್ಬಕ್ಕೆ ಹಾಕಿ. ನೀರನ್ನು ಎಲ್ಲಿ ಚೆಲ್ಲಬೇಕೆಂದು ಕ್ಯಾಂಪ್‌ಗ್ರೌಂಡ್ ಹೋಸ್ಟನ್ನು, ಅಂದರೆ ಅಲ್ಲಿನ ಉಸ್ತುವಾರಿಯನ್ನು, ಕೇಳಿ.

ಕರಡಿ ಪೆಟ್ಟಿಗೆ

ಇಲ್ಲಿರುವುದು ಕಪ್ಪು ಕರಡಿ. ಅದು ಮನುಷ್ಯರಿಗಾಗಿ ಬರುವುದಿಲ್ಲ, ವಾಸನೆಗೆ ಬರುತ್ತದೆ. ಒಗ್ಗರಣೆಯ ಘಮ ಕಣಿವೆಯ ಉದ್ದಕ್ಕೂ ಹೋಗುತ್ತದೆ. ಸೈಟಿನಲ್ಲಿರುವ ಕಬ್ಬಿಣದ ಪೆಟ್ಟಿಗೆಯೊಳಗೆ ಆಹಾರ, ಐಸ್ ಬಾಕ್ಸ್, ಕಸ, ಜೊತೆಗೆ ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಊದುಬತ್ತಿ, ಮಕ್ಕಳ ಬಿಸ್ಕತ್ತಿನ ಪುಡಿ ಅಂಟಿದ ಕಾರ್ ಸೀಟ್ ಎಲ್ಲವೂ ಹೋಗಬೇಕು. ಕಾರಿನಲ್ಲಿ ಬಿಟ್ಟರೆ ಬಾಗಿಲಿನ ಚೌಕಟ್ಟನ್ನೇ ಬಗ್ಗಿಸಿ ತೆಗೆಯುತ್ತದೆ. ಪೆಟ್ಟಿಗೆಗಳ ಅಳತೆ ಎಲ್ಲ ಕಡೆ ಒಂದೇ ಅಲ್ಲ, ಆದ್ದರಿಂದ ಒಂದು ದೊಡ್ಡ ಐಸ್ ಬಾಕ್ಸ್‌ಗಿಂತ ಎರಡು ಚಿಕ್ಕವು ಒಳ್ಳೆಯವು. ಅಡುಗೆ ನಡೆಯುತ್ತಿರುವಾಗಲೂ ಚಿಲಕ ಹಾಕಿಯೇ ಇರಲಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ನಾವು ಹಾಕದೆ ಬಿಟ್ಟ ಚಿಲಕಕ್ಕೆ ಬೆಲೆ ತೆರುವುದು ಅದು.

ನೀರಿನ ಬಳಿ

ತೊರೆಗಳ ಬಗ್ಗೆ ಊರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಮಳೆ ಇಲ್ಲದಿದ್ದರೂ ಇಲ್ಲಿನ ತೊರೆ ದಿನವೂ ಏರಿಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ ಹಿಮ ಸಂಜೆಯ ಹೊತ್ತಿಗೆ ಕೆಳಗೆ ತಲುಪುತ್ತದೆ, ಮೇ ಕೊನೆಯಿಂದ ಜುಲೈ ಮೊದಲವರೆಗೆ ಇದು ಜೋರು. ಬೆಳಿಗ್ಗೆ ಮೊಣಕಾಲುದ್ದ ಇದ್ದ ಕಡೆ ಸಂಜೆ ಕಾಲು ಊರಲಾಗದು. ದಾಟುವುದಿದ್ದರೆ ಬೆಳಿಗ್ಗೆ ದಾಟಿ, ಅದೇ ದಾರಿಯಲ್ಲಿ ಸಂಜೆ ವಾಪಸು ಬರಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ದಾಟಿ. ದಡದ ಹುಲ್ಲಿನ ಅಡಿಯಲ್ಲಿ ನೀರು ಮಣ್ಣು ಕೊರೆದಿರುತ್ತದೆ, ಅಂಚಿನಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಯಾರಾದರೂ ಬಿದ್ದರೆ ಎದ್ದು ನಿಲ್ಲಲು ಹೋಗದೆ ಅಂಗಾತ ತೇಲಿ, ಕಾಲು ಮುಂದೆ ಮಾಡಿ, ಅಡ್ಡಬಿದ್ದ ಮರಗಳಿಂದ ದೂರಕ್ಕೆ ಕೈ ಬೀಸುತ್ತಾ ದಡ ಸೇರಬೇಕು.

ಸರೋವರದಲ್ಲಿ ಆಳಕ್ಕಿಂತ ತಣ್ಣನೆಯ ನೀರಿನಿಂದ ಅಪಾಯ ಹೆಚ್ಚು. ಧುಮುಕಿದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಏದುಸಿರಿನಲ್ಲಿ ನೀರು ಒಳಗೆ ಹೋಗುತ್ತದೆ. ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದನ್ನು ಬಿಡುತ್ತವೆ. ಬಾವಿಯಲ್ಲಿ ಈಜು ಕಲಿತ ಗಟ್ಟಿಗರಿಗೂ ಇದೇ ಗತಿ. ಗಾಳಿ ತುಂಬಿದ ತೆಪ್ಪದಲ್ಲಿ ಕೂರುವವರು ಲೈಫ್ ಜಾಕೆಟ್ ಕೈಯಲ್ಲಿ ಹಿಡಿದರೆ ಸಾಲದು, ಕಟ್ಟಿಕೊಂಡಿರಬೇಕು. ಮಧ್ಯಾಹ್ನದ ಗಾಳಿ ತೆಪ್ಪವನ್ನು ನಡುನೀರಿಗೆ ದೂಡುತ್ತದೆ. ಋತುವಿನ ಆರಂಭದಲ್ಲಿ ಮಂಜುಗಡ್ಡೆ ಉಳಿದಿದ್ದರೆ ಅದರ ಮೇಲೆ ಕಾಲಿಡಬೇಡಿ. 1990ರ ಫೆಬ್ರವರಿಯಲ್ಲಿ ಕಾನ್ವಿಕ್ಟ್ ಲೇಕ್‌ನ ಮಂಜುಗಡ್ಡೆ ಒಡೆದು ಮೂವರು ಹುಡುಗರೂ ಅವರನ್ನು ಉಳಿಸಲು ಹೋದ ನಾಲ್ವರೂ ತೀರಿಕೊಂಡರು.

ಮ್ಯಾಮತ್‌ನ ಹಾರ್ಸ್‌ಶೂ ಲೇಕ್ ದಡದಲ್ಲಿ ಬೂದು ಬಣ್ಣಕ್ಕೆ ಒಣಗಿ ನಿಂತ ಮರಗಳು ಕಾಣುತ್ತವೆ. 1989ರ ಸರಣಿ ಭೂಕಂಪಗಳ ನಂತರ ನೆಲದೊಳಗಿಂದ ಹೊಮ್ಮಿದ ಇಂಗಾಲದ ಡೈಆಕ್ಸೈಡ್ ಅವುಗಳ ಬೇರನ್ನು ಕೊಂದಿತು. ಈ ಅನಿಲ ಗಾಳಿಗಿಂತ ಭಾರ, ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಗುಂಡಿ ತೋಡಿ ಆಡುವುದು, ತಗ್ಗಿನಲ್ಲಿ ಮಲಗುವುದು ಬೇಡ.

ಎತ್ತರದ ಕಾಯಿಲೆ

8,000 ಅಡಿಯ ಮೇಲೆ ಮಲಗಿದ ಮೊದಲ ರಾತ್ರಿ ತಲೆನೋವು, ಓಕರಿಕೆ, ನಿದ್ದೆಗೇಡು ಸಾಮಾನ್ಯ. ವಯಸ್ಸಾದವರಿದ್ದರೆ ಮೊದಲೆರಡು ರಾತ್ರಿ 7,600 ಅಡಿಯ ಜೂನ್ ಲೇಕ್‌ನಲ್ಲಿ ಕಳೆದು ಮೇಲೆ ಹೋಗಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಲಿ. ತಲೆನೋವಿನ ಜೊತೆ ವಾಂತಿ, ತೂರಾಟ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಿರಿ. ಮ್ಯಾಮತ್ ಊರಿಗೆ ಹೋದರೆ ಇಳಿದಂತಾಗುವುದಿಲ್ಲ, ಅದೇ ಸುಮಾರು 7,900 ಅಡಿ. ಬಿಷಪ್‌ವರೆಗೆ ಇಳಿಯಬೇಕು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಬೆಂಕಿ

ಬೆಂಕಿಯ ನಿಯಮ ವಾರದಿಂದ ವಾರಕ್ಕೆ ಬದಲಾಗುತ್ತದೆ. ಕಾದಿರಿಸಿದ ದಿನ ಓದಿದ್ದನ್ನು ನಂಬದೆ ಹೊರಡುವ ಹಿಂದಿನ ದಿನ ಮತ್ತೆ ನೋಡಿ. ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೆ ಕಾಡಿನಲ್ಲಿ ಉಳಿಯುವವರಿಗೆ ಗ್ಯಾಸ್ ಒಲೆ ಹಚ್ಚಲೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಉಚಿತ, ಆನ್‌ಲೈನಿನಲ್ಲೇ ಸಿಗುತ್ತದೆ. ಸೌದೆಯನ್ನು ಮನೆಯಿಂದ ಹೊತ್ತು ತರಬೇಡಿ, ತೊಗಟೆಯೊಳಗಿನ ಹುಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೀಗೇ ಹರಡುವುದು. ಹತ್ತಿರದ ಅಂಗಡಿಯಲ್ಲಿ ಕೊಳ್ಳಿ.

ಬೆಂಕಿ ಆರಿಸುವುದಕ್ಕೆ ಮಲಗುವ ಅರ್ಧ ಗಂಟೆ ಮುಂಚೆಯೇ ತೊಡಗಿ. ಒಂದು ಬಕೆಟ್ ನೀರು ನಿಧಾನವಾಗಿ ಸುರಿದು, ಕೋಲಿನಿಂದ ಬೂದಿ ಕೆದಕಿ, ಅರೆಬೆಂದ ಕೊರಡುಗಳನ್ನು ಮಗುಚಿ, ಮತ್ತೆ ಸುರಿಯಿರಿ. ಬರೀ ಮಣ್ಣು ಮುಚ್ಚಿದರೆ ಕೆಂಡ ಒಳಗೇ ಬೆಚ್ಚಗೆ ಕುಳಿತಿದ್ದು, ಮರುದಿನದ ಗಾಳಿಗೆ ಏಳುತ್ತದೆ. ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿಯಿರಿ. ಶಾಖ ತಾಗಿದರೆ ಇನ್ನೊಂದು ಬಕೆಟ್.