ಶೆಡ್ಡಿಗಿಂತ ಮೊದಲು ರಶೀದಿ ಪುಸ್ತಕ

ಅನುದಾನ ಬರಲಿ, ಶೆಡ್ ಆಗಲಿ, ಗಾಡಿ ಬರಲಿ, ಆಮೇಲೆ ಮನೆಯವರ ಹತ್ತಿರ ಶುಲ್ಕ ಕೇಳೋಣ. ಸ್ವಚ್ಛ ಸಂಕೀರ್ಣ, ಅಂದರೆ ಪಂಚಾಯತಿನ ಕಸ ವಿಂಗಡಿಸುವ ಘಟಕ, ನಡೆಸುವ ಹೆಚ್ಚಿನವರ ಲೆಕ್ಕ ಇದೇ. ನಾವು ಉಲ್ಟಾ ಮಾಡಿದೆವು. ಮೊದಲು ಶುಲ್ಕ, ಆಮೇಲೆ ಅನುದಾನ. ಆಗ ನಕ್ಕವರೇ ಈಗ ನಮ್ಮ ಲೆಕ್ಕದ ಪುಸ್ತಕ ನೋಡಲು ಬರುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಬರೆದೇ ಬಿಡುವ ಅಂತ ಕೂತಿದ್ದೇನೆ.

ನಮ್ಮದು ಕಾಪು ಬದಿಯ ಪಂಚಾಯತ್. ಸುಮಾರು 1,400 ಮನೆ, ಹೆದ್ದಾರಿ 66ರ ಬದಿಯಲ್ಲಿ ಒಂದಷ್ಟು ಅಂಗಡಿ, ಹೋಟೆಲ್, ಎರಡು ಸಭಾಭವನ. ನಾನು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಕಡೆಯಿಂದ ಘಟಕದ ಮೇಲ್ವಿಚಾರಕಿ.

ಉಲ್ಟಾ ಯಾಕೆ ಅಂದರೆ ಗುಣಿಸಿ ನೋಡಿ. ಸ್ವಚ್ಛ ಭಾರತದ ಮೊದಲ ಹಂತದಲ್ಲಿ 500ಕ್ಕಿಂತ ಜಾಸ್ತಿ ಮನೆ ಇರುವ ಪಂಚಾಯತಿಗೆ 20 ಲಕ್ಷದವರೆಗೆ ಅವಕಾಶ ಇತ್ತು. 2020ರಲ್ಲಿ ಎರಡನೇ ಹಂತ ಬಂದಾಗ ಲೆಕ್ಕ ತಲೆಗಿಷ್ಟು ಅಂತ ಆಯಿತು. ಘನ ತ್ಯಾಜ್ಯಕ್ಕೆ 5,000 ಜನರವರೆಗಿನ ಊರಿಗೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 45. ಅದರಲ್ಲೂ ಶೇ. 30 ಭಾಗ ಪಂಚಾಯತ್ ತನ್ನ 15ನೇ ಹಣಕಾಸು ಆಯೋಗದ ದುಡ್ಡಿನಿಂದ ಹಾಕಬೇಕಿತ್ತು. ಏಳು ಸಾವಿರ ಜನಕ್ಕೆ ಮೂರು ಲಕ್ಷ ಚಿಲ್ಲರೆ. ಒಂದು ಟಿಪ್ಪರ್ ಕೂಡ ಬರುವುದಿಲ್ಲ. ನಿರ್ಬಂಧಿತ ಅನುದಾನದ (ಇಂಥದ್ದಕ್ಕೇ ಅಂತ ಕಟ್ಟಿಟ್ಟ ದುಡ್ಡಿನ) ನೈರ್ಮಲ್ಯದ ಪಾಲು, ನರೇಗಾ ಕೂಲಿ ಅಂತ ಅಲ್ಲಿಂದ ಇಲ್ಲಿಂದ ಜೋಡಿಸಿ ಶೆಡ್, ಗಾಡಿ ಮಾಡಬಹುದಿತ್ತು, ಸರಿ. ಆದರೆ ತಿಂಗಳ ಕೊನೆಗೆ ಆರು ಹೆಂಗಸರ ಸಂಬಳ ಎಲ್ಲಿಂದ? ಸುತ್ತಮುತ್ತ ಬೀಗ ಬಿದ್ದ ಘಟಕ ನೋಡಿದ್ದೀರಲ್ವಾ? ಶೆಡ್ಡಿಗೆ ಬಣ್ಣ ಹೊಡೆದಿರುತ್ತದೆ, ಒಳಗೆ ಕಸ ವಿಂಗಡಿಸಲು ಜನ ಇರುವುದಿಲ್ಲ.

ಹಾಗಾಗಿ ನಾವು ಶುರು ಮಾಡಿದ್ದು ಒಂದು ಬಾಡಿಗೆ ಗೂಡ್ಸ್ ರಿಕ್ಷಾ, ಖಾಲಿ ಬಿದ್ದಿದ್ದ ಒಂದು ಹಳೆ ಕಟ್ಟಡ ಮತ್ತು ರಶೀದಿ ಪುಸ್ತಕದಿಂದ. ಒಣ ಕಸ ಮಾತ್ರ, ವಾರಕ್ಕೊಮ್ಮೆ. ನಮ್ಮ ಕಡೆ ಮನೆಯ ಹಸಿ ಕಸ ತೆಂಗಿನ ಬುಡಕ್ಕೋ ದನಕ್ಕೋ ಹೋಗುತ್ತದೆ. ಅದಕ್ಕಾಗಿ ದಿನಾ ಗಾಡಿ ಓಡಿಸಿದರೆ ಡೀಸೆಲಿಗೇ ಮುಗಿಯಿತು. ಹಸಿ ಕಸ ಹೋಟೆಲ್, ಸಭಾಭವನದಿಂದ ಮಾತ್ರ ತರುತ್ತೇವೆ.

ಮನೆಗೆ ತಿಂಗಳಿಗೆ 50 ರೂಪಾಯಿ. ಮೊದಲ ತಿಂಗಳು ಕೊಟ್ಟವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಒಂದು ಮನೆಯ ಅಜ್ಜಿ ಚೀಲ ಕೊಡದೆ ಹೇಳಿದರು, "ಎಂತ ಮಾರಾಯ್ತಿ, ಬಚ್ಚಲೊಲೆಗೆ ಹಾಕಿದ್ರೆ ಬಿಸಿನೀರಾದ್ರೂ ಆಗ್ತದೆ. ನಿಂಗೆ ಕೊಟ್ಟು ಮೇಲಿಂದ ಐವತ್ತು ರೂಪಾಯಿ ಬೇರೆ ಕೊಡ್ಬೇಕಾ?" ಅಜ್ಜಿಯ ಲೆಕ್ಕ ತಪ್ಪಲ್ಲ. ನಾನು ವಾದ ಮಾಡಲಿಲ್ಲ. ಗ್ರಾಮಸಭೆಯಲ್ಲಿ ಮಾತ್ರ 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂದ ಫೋಟೋ ತೋರಿಸಿದೆ. ಯೋಜನೆ, ಸುತ್ತೋಲೆ ಅಂತ ಓದಿದ್ದಕ್ಕೆ ಯಾರೂ ತಲೆ ಎತ್ತಿರಲಿಲ್ಲ. ಅಡಿಕೆ ಮರದ ಅರ್ಧದವರೆಗೆ ಕಸ ನಿಂತ ಫೋಟೋಕ್ಕೆ ಎತ್ತಿದರು.

ಶುಲ್ಕವನ್ನು ಮನೆ ತೆರಿಗೆಯ ಜೊತೆ ವರ್ಷಕ್ಕೊಮ್ಮೆ ತೆಗೆದುಕೊಳ್ಳಿ, ಸುಲಭ ಅಂತ ತುಂಬ ಜನ ಹೇಳಿದರು. ನಾನು ಒಪ್ಪಲಿಲ್ಲ. ಆ ದುಡ್ಡು ಪಂಚಾಯತ್ ಖಾತೆಗೆ ಹೋದರೆ ನಮ್ಮ ಸಂಬಳ ಮತ್ತೆ ಬಿಲ್ ಆಗಿ, ಸಹಿಯಾಗಿ ಬರಬೇಕು. ತಿಂಗಳ ಮೊದಲ ವಾರ ಗಾಡಿಯಲ್ಲಿ ಬರುವ ಹೆಂಗಸೇ ರಶೀದಿ ಹರಿದು ಕೊಡುತ್ತಾಳೆ, ಕ್ಯೂಆರ್ ಚೀಟಿಯೂ ಅವಳ ಕುತ್ತಿಗೆಯಲ್ಲೇ ಇರುತ್ತದೆ. ದುಡ್ಡು ಒಕ್ಕೂಟದ ಬೇರೆ ಖಾತೆಗೆ. ಕೊಟ್ಟವರು ಮರುವಾರ ಗಾಡಿ ಬಾರದಿದ್ದರೆ ಬೈಯುತ್ತಾರೆ. ಬೈಸಿಕೊಂಡರೇ ಈ ಕೆಲಸ ನಡೆಯುವುದು.

ಒಂದು ವರ್ಷದ ರಶೀದಿ ಲೆಕ್ಕ ಕೈಯಲ್ಲಿದ್ದಾಗ ಅನುದಾನದ ಕ್ರಿಯಾ ಯೋಜನೆಯಲ್ಲಿ ನಮ್ಮ ಹೆಸರು ಮೇಲೆ ಬಂತು. ನಡೆಯುವ ಘಟಕಕ್ಕೆ ದುಡ್ಡು ಹಾಕಲು ಯಾರಿಗೂ ಹೆದರಿಕೆ ಇಲ್ಲ. ಹಾಗಂತ ಎಲ್ಲ ಸಲೀಸಾಗಲಿಲ್ಲ. ಮಾರ್ಚ್ 31ರೊಳಗೆ ಖರ್ಚಾಗಬೇಕು ಅಂತ ಅವಸರದಲ್ಲಿ ಬೇಲಿಂಗ್ ಯಂತ್ರ (ಕಸ ಒತ್ತಿ ಕಟ್ಟು ಮಾಡುವುದು) ಬಂತು. ಅದಕ್ಕೆ ತ್ರೀ ಫೇಸ್ ಬೇಕು, ಶೆಡ್ಡಿಗೆ ಇದ್ದದ್ದು ಸಿಂಗಲ್ ಫೇಸ್. ಇಡೀ ಮಳೆಗಾಲ ಯಂತ್ರ ಟರ್ಪಾಲ್ ಹೊದ್ದು ಕೂತಿತ್ತು. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ನೀವು ಯಂತ್ರದ ದರಪಟ್ಟಿ ತರಿಸುವಾಗಲೇ ವಿದ್ಯುತ್ ಸಂಪರ್ಕದ ಖರ್ಚನ್ನೂ ಅದೇ ಅಂದಾಜಿಗೆ ಸೇರಿಸಿ. ನಮಗೆ ಅದೇ ಹೆಚ್ಚುಕಡಿಮೆ 40 ಸಾವಿರ ಬಿತ್ತು.

ಮಳೆಗಾಲವೇ ನಿಜವಾದ ಪರೀಕ್ಷೆ. ಒಣ ರಟ್ಟು ಕಿಲೋಗೆ ಹತ್ತರ ಹತ್ತಿರ ಹೋದರೆ ಒದ್ದೆಯಾದದ್ದಕ್ಕೆ ಗುಜರಿಯವರು ನಾಲ್ಕು ಹೇಳುತ್ತಾರೆ, ಅದರಲ್ಲೂ ತೂಕದಲ್ಲಿ ನೀರು ಅಂತ ಕಳೆಯುತ್ತಾರೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಗೂಡು ನೋಡಿದ್ದೀರಲ್ಲ, ಅದನ್ನೇ ಶೆಡ್ಡಿನ ಹಿಂದೆ ಕಟ್ಟಿಸಿದೆ. 18-20 ಸಾವಿರ ಆಯಿತು. ಹಾಲಿನ ಪ್ಯಾಕೆಟ್ ಕತ್ತರಿಸಿ, ತೊಳೆದು, ಹಗ್ಗಕ್ಕೆ ಸಿಕ್ಕಿಸಿದರೆ ಜುಲೈಯಲ್ಲೂ ಎರಡು ದಿನಕ್ಕೆ ಒಣಗುತ್ತದೆ, ಹುಳಿ ವಾಸನೆಯೂ ಹೋಗುತ್ತದೆ. ರಟ್ಟಿಗೆ ಮಾತ್ರ ಇದು ಪ್ರಯೋಜನ ಇಲ್ಲ, ಬೂಸ್ಟು ಬರುತ್ತದೆ. ಒಣಗಿದ ಪ್ಯಾಕೆಟ್ ನಾನು ಯಾರಿಗೆ ಕೊಡುತ್ತೇನೆ, ಎಷ್ಟಕ್ಕೆ ಕೊಡುತ್ತೇನೆ ಅಂತ ಕೇಳಬೇಡಿ. ಸಭಾಭವನದವರು ಹೇಗೆ ದುಡ್ಡು ಕೊಡಲು ಒಪ್ಪಿದರು ಅನ್ನುವುದೂ ಸದ್ಯಕ್ಕೆ ನಮ್ಮಲ್ಲೇ ಇರಲಿ.

ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ ಮೊದಲು ಮೂಟೆಗಟ್ಟಲೆ ಬಿದ್ದಿರುತ್ತಿತ್ತು, ಗುಜರಿಯವರು ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಕಾರ್ಕಳ ಬದಿಯ ನಿಟ್ಟೆಯಲ್ಲಿ ಎಂಆರ್‌ಎಫ್, ಅಂದರೆ ಹಲವು ಪಂಚಾಯತಿನ ಒಣ ಕಸ ವಿಂಗಡಿಸುವ ದೊಡ್ಡ ಘಟಕ, ಬಂದದ್ದರಿಂದ ಅದೊಂದು ದಾರಿಯಾಯಿತು. ಅಲ್ಲಿಂದ ಬೇಲ್ ಆಗಿ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ.

ಹೆದ್ದಾರಿ ಬದಿಗೆ ಎಸೆಯುವವರ ಕಥೆ ಬೇರೆ. ಯಾರೋ ಹೇಳಿದರು ಅಂತ ದೇವರ ಫೋಟೋ ಇಟ್ಟು ನೋಡಿದೆವು. ಫೋಟೋದ ಬುಡಕ್ಕೇ ಮೀನಿನ ತ್ಯಾಜ್ಯದ ಚೀಲ ಬಂತು! ಈಗ ಚೀಲ ಬಿಚ್ಚುತ್ತೇವೆ. ಕರೆಂಟ್ ಬಿಲ್ಲೋ ಕೊರಿಯರ್ ಚೀಟಿಯೋ ಸಿಕ್ಕಿದರೆ ಸಾಕು, ಪಂಚಾಯತ್ ನೋಟಿಸ್ ಮನೆಗೆ ಹೋಗುತ್ತದೆ. ದಂಡ ಕಟ್ಟಿದವರಲ್ಲಿ ನಾಲ್ಕೈದು ಮಂದಿ ಈಗ ನಮ್ಮ ಖಾಯಂ ಗಿರಾಕಿಗಳು.

ಈಗಿನ ತಿಂಗಳ ಲೆಕ್ಕ, ನೆನಪಿನಿಂದ ಹೇಳುವುದಾದರೆ, ಮನೆಗಳಿಂದ 55 ಸಾವಿರ ಆಸುಪಾಸು, ಅಂಗಡಿ ಹೋಟೆಲುಗಳಿಂದ 28, ಸಭಾಭವನದ್ದು ಸೀಸನ್ನಿನಲ್ಲಿ ಹತ್ತು. ಸಂಬಳ, ಡೀಸೆಲ್, ರಿಪೇರಿ ಎಲ್ಲ ಸೇರಿ 90ರೊಳಗೆ. ಗುಜರಿ ಮಾರಿದ 12-15 ಸಾವಿರವನ್ನು ಸಂಬಳಕ್ಕೆ ಮುಟ್ಟುವುದಿಲ್ಲ. ಅದು ಮಳೆಗಾಲಕ್ಕೆ ಮತ್ತು ಟಯರಿಗೆ.

ನೋಡಲು ಬರುವವರು ಬುಧವಾರ ಬನ್ನಿ, ಅವತ್ತು ವಿಂಗಡಣೆ ಇರುತ್ತದೆ. ಬರುವಾಗ ನಿಮ್ಮ ಘಟಕದ ಖರ್ಚಿನ ಪುಸ್ತಕ ತನ್ನಿ, ಫೋಟೋ ಆಲ್ಬಮ್ ಬೇಡ.