ಮ್ಯೂನಿಕ್‌ಗೆ ಹೊಸಬರೇ? ಮಟನ್, ಚಿಕನ್ ಕೊಳ್ಳುವ ಮೊದಲು ಓದಿ

ಮನೆ ಸಿಕ್ಕಿ, ಸಿಟಿ ರಿಜಿಸ್ಟ್ರೇಷನ್ ಮುಗಿದು, ಕುಕ್ಕರ್ ಸೂಟ್‌ಕೇಸಿನಿಂದ ಹೊರಗೆ ಬಂದ ಮೇಲೆ ಹೊಸಬರು ಕೇಳುವುದು ಒಂದೇ: "ಇಲ್ಲಿ ಒಳ್ಳೆ ಮಟನ್ ಎಲ್ಲಿ ಸಿಗುತ್ತೆ?" ಅಂಗಡಿ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದೇ ಅಂಗಡಿಯಿಂದ ಒಬ್ಬರು ಒಳ್ಳೆಯದು ತರುತ್ತಾರೆ, ಇನ್ನೊಬ್ಬರು ಬೇಯದ ತುಂಡು ತರುತ್ತಾರೆ. ಯಾವ ಅಡುಗೆಗೆ ಯಾವ ಜಾಗದ್ದು ಕೇಳಬೇಕು, ಪ್ಯಾಕೆಟ್ ಮೇಲೆ ಏನು ಓದಬೇಕು ಅನ್ನುವುದು ಗೊತ್ತಿದ್ದರೆ ಯಾವ ಅಂಗಡಿಯಾದರೂ ನಡೆಯುತ್ತದೆ.

ನಮ್ಮೂರಲ್ಲಿ ಭಾನುವಾರ ಬೆಳಗ್ಗೆ ಅಂಗಡಿ ಮುಂದೆ ನಿಂತು, ಆಗಷ್ಟೇ ಕೊಯ್ದು ತೂಗುಹಾಕಿದ್ದರಲ್ಲಿ "ಇಂಥ ಕಡೆಯದೇ ಹಾಕಪ್ಪಾ" ಅಂತ ಹೇಳಿ ಅಭ್ಯಾಸ. ಇಲ್ಲಿ ಕೈಗೆ ಬರುವ ಮಾಂಸವೆಲ್ಲ ತಣ್ಣಗಿರುತ್ತದೆ. ತಣ್ಣಗಿದೆ ಅಂದಮಾತ್ರಕ್ಕೆ ಹಳೆಯದು ಅಂದುಕೊಳ್ಳಬೇಡಿ. ಕೊಯ್ದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ತಂಪಿನಲ್ಲಿ ಕೆಲವು ದಿನ ಇಟ್ಟರೆ ತಾನಾಗಿ ಸಡಿಲವಾಗಿ ಮೆತ್ತಗಾಗುತ್ತದೆ. ಇಲ್ಲಿನವರು ಬೇಕೆಂದೇ ಹಾಗೆ ಇಟ್ಟು ಮಾರುತ್ತಾರೆ. ಇನ್ನೊಂದು, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬವೇರಿಯಾದಲ್ಲಿ ಉಳಿದ ದಿನವೂ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಭಾನುವಾರದ ಬಾಡೂಟಕ್ಕೆ ಶನಿವಾರವೇ ತಂದಿಟ್ಟುಕೊಳ್ಳಬೇಕು.

ಮೂಳೆ ಸಮೇತ ಚಿಕ್ಕ ತುಂಡು ಬೇಕು ಅಂದರೆ ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಯ್ಟೆಸ್ಟ್ರಾಸೆ, ಲಾಂಡ್‌ವೆರ್‌ಸ್ಟ್ರಾಸೆ ಕಡೆಗೆ ಹೋಗಿ. ಟರ್ಕಿಯವರ, ಅರಬರ ಅಂಗಡಿಗಳು ಅಲ್ಲಿ ಸಾಲಾಗಿವೆ. ಜರ್ಮನ್ ಕಸಾಯಿ ಅಂಗಡಿ, ಅಂದರೆ ಮೆಟ್ಸ್‌ಗೆರೈ, ಹಂದಿ ಮತ್ತು ದನದ ಮಾಂಸಕ್ಕೆ ಬಹಳ ಚೆನ್ನ. ಕುರಿ ಅಲ್ಲಿ ಕಡಿಮೆ, ಮೊದಲೇ ಹೇಳಿದರೆ ತರಿಸಿಕೊಡುತ್ತಾರೆ. ಊರ ನಡುವಿನ ಹಳೇ ಮಾರುಕಟ್ಟೆ ಫಿಕ್ಟುವಾಲಿಯೆನ್‌ಮಾರ್ಕ್ಟ್ ನೋಡುವುದಕ್ಕೆ ಚೆಂದ, ಜೇಬಿಗೆ ಅಷ್ಟು ಚೆಂದವಲ್ಲ.

ಈಗ ಮಟನ್ ವಿಷಯ. ಇಲ್ಲಿ ಸಿಗುವುದು ಹೆಚ್ಚಾಗಿ ಲಾಮ್, ಅಂದರೆ ವರ್ಷದೊಳಗಿನ ಕುರಿಮರಿ. ಸೂಪರ್‌ಮಾರ್ಕೆಟ್‌ನಲ್ಲಿ ನ್ಯೂಜಿಲೆಂಡ್‌ನಿಂದ ಬಂದದ್ದು ಜಾಸ್ತಿ. ಬನ್ನೂರು ಕುರಿಯ ರುಚಿ ಗೊತ್ತಿರುವ ಮಂಡ್ಯ, ಮೈಸೂರಿನವರಿಗೆ ಕೊಬ್ಬು ಹೊಸದಲ್ಲ. ಮೇಕೆ ಮಾಂಸವೇ ಮಟನ್ ಅಂತ ತಿಂದು ಬೆಳೆದವರಿಗೆ ಮಾತ್ರ ಮೊದಲ ಸಲ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ವಾಸನೆ ಇರುವುದು ಹೆಚ್ಚಾಗಿ ಕೊಬ್ಬಿನಲ್ಲಿ. ಮೇಲಿನ ದಪ್ಪ ಕೊಬ್ಬನ್ನೂ ತೆಳು ಪೊರೆಯನ್ನೂ ತೆಗೆದುಬಿಡಿ, ಅರ್ಧ ಕಷ್ಟ ಕಳೆಯುತ್ತದೆ. ಪೂರ್ತಿ ಬೋಳಿಸಬೇಡಿ, ಬಿರಿಯಾನಿ ಒಣಗಿಹೋಗುತ್ತದೆ.

ನೋಡುವಾಗ ಮೊದಲು ಕೊಬ್ಬು ನೋಡಿ. ಎಳೆಯದಾದರೆ ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಹಳದಿಗೆ ತಿರುಗಿದ್ದರೆ ಸಾಮಾನ್ಯವಾಗಿ ವಯಸ್ಸಾದ ಪ್ರಾಣಿ. ಕತ್ತರಿಸಿದ ಮೂಳೆಯ ತುದಿ ಕೆಂಪು ಕೆಂಪಾಗಿದ್ದರೆ ಎಳೆಯದು, ಬಿಳಿ ಕಲ್ಲಿನಂತಿದ್ದರೆ ಬಲಿತದ್ದು. ಎರಡು ಇಡೀ ತೊಡೆ ಇಟ್ಟಿದ್ದರೆ ಚಿಕ್ಕದನ್ನು ಕೇಳಿ. ಆದರೆ ಸಾರಿಗೆ ತೊಡೆ ತೆಗೆದುಕೊಳ್ಳಬೇಡಿ. ಹೊಸಬರೆಲ್ಲ ತೊಡೆಯೇ ಒಳ್ಳೆಯದು ಅಂತ ದುಡ್ಡು ಸುರಿಯುತ್ತಾರೆ. ಮುದ್ದೆಯ ಜೊತೆಗಿನ ಸಾರಿಗೆ ಮುಂಗಾಲಿನ ಭುಜ ಮತ್ತು ಕುತ್ತಿಗೆ ಅದಕ್ಕಿಂತ ರುಚಿ, ಬೆಲೆಯೂ ಕಡಿಮೆ. ಭುಜಕ್ಕೆ ಲಾಮ್‌ಶುಲ್ಟರ್ ಅನ್ನಿ, ಮೂಳೆ ಸಮೇತ ಬೇಕು ಅಂದರೆ "ಮಿಟ್ ಕ್ನೋಖೆನ್" ಅಂತ ಸೇರಿಸಿ. ಕಾಲ್ ಸೂಪ್ ಥರದ್ದಕ್ಕೆ ಲಾಮ್‌ಹಾಕ್ಸೆ. ತೊಡೆ ಬೇಕಾಗುವುದು ಡ್ರೈ ಫ್ರೈ, ಚಾಪ್ಸ್ ಥರದ ಅಡುಗೆಗೆ. ಕುಕ್ಕರ್ ವಿಷಲ್ ಲೆಕ್ಕವೂ ಊರಿನದಲ್ಲ. ಎಳೆ ಕುರಿ ಬೇಗ ಬೇಯುತ್ತದೆ, ಊರಿನಲ್ಲಿ ಐದು ಕೂಗಿಸುತ್ತಿದ್ದವರು ಇಲ್ಲಿ ಎರಡು ಮೂರಕ್ಕೇ ತೆರೆದು ನೋಡಿ.

ಟರ್ಕಿ ಅಂಗಡಿಯಲ್ಲಿ ಮಚ್ಚು ಬಳಸುವುದು ಕಡಿಮೆ. ವಿದ್ಯುತ್ ಗರಗಸದಲ್ಲಿ ಸರ್ರನೆ ತುಂಡು ಮಾಡಿ ಕೊಡುತ್ತಾರೆ. ಮನೆಗೆ ತಂದು ಬಿಚ್ಚಿದರೆ ತುಂಡುಗಳ ಮೇಲೆಲ್ಲ ಮೂಳೆಯ ಪುಡಿ ಒದ್ದೆ ರವೆಯ ಹಾಗೆ ಅಂಟಿಕೊಂಡಿರುತ್ತದೆ. ಕಿಚನ್ ಪೇಪರ್ ತೆಗೆದುಕೊಂಡು ಒಂದೊಂದೇ ತುಂಡು ಒರೆಸಿ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಸಾರಿನ ತಳದಲ್ಲಿ ಮರಳು ಸಿಕ್ಕಿದಂತಾಗುತ್ತದೆ. ತುಂಡು ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಬೆರಳಲ್ಲಿ ತೋರಿಸಿ. ನಾಚಿಕೆಪಡಬೇಡಿ, ಅವರಿಗೂ ಜರ್ಮನ್ ಎರಡನೇ ಭಾಷೆಯೇ.

ಕೋಳಿ ಸುಲಭ. ಸೂಪರ್‌ಮಾರ್ಕೆಟ್‌ನಲ್ಲಿ ಕಾಲು, ಎದೆ ಎಲ್ಲ ಬೇರೆ ಬೇರೆ ಸಿಗುತ್ತದೆ. ಸಾರಿಗೆ, ಬಿರಿಯಾನಿಗೆ ಎದೆ ಬೇಡ, ಹತ್ತಿಯಾಗುತ್ತದೆ. ಪೂಟೆ ಅಂತ ಬರೆದಿದ್ದರೆ ಅದು ಟರ್ಕಿ ಕೋಳಿ. ಅದೇ ಫ್ರಿಜ್‌ನಲ್ಲಿ, ಅದೇ ಥರದ ತಟ್ಟೆಯಲ್ಲಿ ಪಕ್ಕದಲ್ಲೇ ಇರುತ್ತದೆ, ನೋಡಿ ತೆಗೆದುಕೊಳ್ಳಿ. ಚರ್ಮ ಒಣಗಿ ಬಿರುಕು ಬಿಟ್ಟಿದ್ದರೆ, ತಟ್ಟೆಯಲ್ಲಿ ನೀರು ತುಂಬಿ ನಿಂತಿದ್ದರೆ ಹಿಂದಿನ ಸಾಲಿನಿಂದ ಬೇರೆ ಎತ್ತಿಕೊಳ್ಳಿ.

ನಾಟಿ ಕೋಳಿ ಸಾರಿನ ಆಸೆ ಇರುವವರಿಗೆ ಒಂದು ಗುಟ್ಟು: ಸುಪ್ಪೆನ್‌ಹೂನ್. ಮೊಟ್ಟೆ ಇಟ್ಟು ಇಟ್ಟು ವಯಸ್ಸಾದ ಕೋಳಿ ಅದು. ಜರ್ಮನ್ನರು ಸೂಪಿಗೆ ಕುದಿಸಿ ತೆಗೆಯುತ್ತಾರೆ. ಹೆಚ್ಚಾಗಿ ಫ್ರೀಜರ್‌ನಲ್ಲಿ ಇಡಿಯಾಗಿ ಇರುತ್ತದೆ, ಬೆಲೆಯೂ ಕಡಿಮೆ. ಮಾಂಸ ಗಟ್ಟಿ, ನಾರು ನಾರು, ಕೊಬ್ಬು ಹಳದಿ. ಬ್ರಾಯ್ಲರ್ ಥರ ಬೇಯಿಸಿದರೆ ಹಲ್ಲಿಗೆ ಕೆಲಸ. ಕುಕ್ಕರ್‌ನಲ್ಲಿ ಚೆನ್ನಾಗಿ ಕೂಗಿಸಿ, ಹುರಿದು ರುಬ್ಬಿದ ಮಸಾಲೆ ಹಾಕಿದರೆ ಸಾರಿನ ಮೇಲೆ ತೇಲುವ ಎಣ್ಣೆ ನೋಡಿಯೇ ಊಟಕ್ಕೆ ಕೂರುವ ಹಾಗಾಗುತ್ತದೆ.

ಕೈಮಾ ಕೊಳ್ಳುವಾಗ ಮಾತ್ರ ಎಚ್ಚರ. ಹಾಕ್‌ಫ್ಲೈಶ್ ಪ್ಯಾಕೆಟ್ ಮೇಲೆ ಗೆಮಿಷ್ಟ್ ಅಂತ ಇದ್ದರೆ ಅದು ಸಾಮಾನ್ಯವಾಗಿ ದನ, ಹಂದಿ ಎರಡೂ ಸೇರಿದ್ದು. ರಿಂಟ್ ಅಂದರೆ ದನ, ಶ್ವೈನ್ ಅಂದರೆ ಹಂದಿ. ಕುರಿ ಕೈಮಾ ಬೇಕಿದ್ದರೆ ಟರ್ಕಿ ಅಂಗಡಿಯಲ್ಲಿ ಭುಜದ ತುಂಡು ತೋರಿಸಿ, ಎದುರೇ ಅರೆಸಿಕೊಳ್ಳಿ. ಕೈಮಾ ಬಹಳ ಬೇಗ ಕೆಡುತ್ತದೆ, ತಂದ ದಿನವೇ ಉಂಡೆ ಮಾಡಿಬಿಡಿ.

ಪ್ಯಾಕೆಟ್ ಮೇಲೆ ಎರಡು ಥರದ ತಾರೀಖು ಇರುತ್ತದೆ. "ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್" ಬಿಸ್ಕತ್ತು, ಮೊಸರಿನ ಮೇಲೆ ಬರುವುದು. ಆ ದಿನ ದಾಟಿದರೂ ಮೂಸಿ, ರುಚಿ ನೋಡಿ ತಿನ್ನಬಹುದು. ಹಸಿ ಕೋಳಿ, ಕೈಮಾ ಮೇಲೆ ಇರುವುದು "ಟ್ಸು ಫೆರ್‌ಬ್ರಾವ್ಖೆನ್ ಬಿಸ್". ಆ ದಿನ ಕಳೆದರೆ ಕಸದ ಬುಟ್ಟಿಗೇ, ವಾಸನೆ ಇಲ್ಲದಿದ್ದರೂ ಸರಿ. ಅದೇ ಸಾಲಿನಲ್ಲಿ ಎಷ್ಟು ಡಿಗ್ರಿಯಲ್ಲಿ ಇಡಬೇಕು ಅಂತಲೂ ಇರುತ್ತದೆ: ಕೋಳಿಗೆ 4, ಕೈಮಾಗೆ 2. ಮನೆಯ ಫ್ರಿಜ್ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ, ಆದ್ದರಿಂದ ತಾರೀಖನ್ನು ಪೂರ್ತಿ ನಂಬಿ ಕೂರಬೇಡಿ. ತಾರೀಖು ಹತ್ತಿರ ಬಂದದ್ದಕ್ಕೆ ಬೆಲೆ ಇಳಿಸಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅವತ್ತೇ ಅಡುಗೆ ಮಾಡುವುದಾದರೆ ಧಾರಾಳವಾಗಿ ತೆಗೆದುಕೊಳ್ಳಿ.

ಬಣ್ಣ ನೋಡಿ ಮೋಸಹೋಗುವವರು ಬಹಳ. ಉಬ್ಬಿದ ಪ್ಲಾಸ್ಟಿಕ್ ತಟ್ಟೆಯ ಕೆಂಪು ಮಾಂಸಕ್ಕೆ ಆಕ್ಸಿಜನ್ ಜಾಸ್ತಿ ಇರುವ ಗಾಳಿ ತುಂಬಿರುತ್ತಾರೆ. ಅದಕ್ಕೇ ಅದು ದಿನಗಟ್ಟಲೆ ಕೆಂಪಗೆ ಹೊಳೆಯುತ್ತದೆ. ವ್ಯಾಕ್ಯೂಮ್ ಪ್ಯಾಕ್ ಮಾಡಿದ್ದು ನೇರಳೆಗೆ ತಿರುಗಿ ಮಂಕಾಗಿ ಕಾಣುತ್ತದೆ, ಬಿಚ್ಚಿದಾಗ ಸ್ವಲ್ಪ ಹುಳಿ ವಾಸನೆಯೂ ಬರಬಹುದು. ಕಾಲು ಗಂಟೆ ತಟ್ಟೆಯಲ್ಲಿ ಬಿಡಿ. ಬಣ್ಣ ತಿರುಗಿ, ವಾಸನೆ ಹೋದರೆ ಒಳ್ಳೆಯದೇ. ವಾಸನೆ ಹಾಗೇ ಇದ್ದರೆ, ಮುಟ್ಟಿದರೆ ಲೋಳೆ ಲೋಳೆ ಅನ್ನಿಸಿದರೆ ಬಿಲ್ ಹಿಡಿದು ವಾಪಸ್ ಕೊಡಿ, ತೆಗೆದುಕೊಳ್ಳುತ್ತಾರೆ.

ಪ್ಯಾಕೆಟ್ ಮೇಲೆ 1ರಿಂದ 5ರವರೆಗೆ ಹಾಲ್ಟುಂಗ್ಸ್‌ಫೋರ್ಮ್ ಅಂತ ಒಂದು ಅಂಕಿಯೂ ಇರುತ್ತದೆ. ಪ್ರಾಣಿಯನ್ನು ಎಷ್ಟು ಚೆನ್ನಾಗಿ ಸಾಕಿದ್ದರು ಅನ್ನುವುದಕ್ಕೆ ಅದು ಗುರುತು, ತಾಜಾತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊಡಗಿನವರು ಮಾತ್ರ ಪುಣ್ಯವಂತರು. ಪಂದಿ ಕರಿಗೆ ಬೇಕಾದ, ಚರ್ಮ, ಕೊಬ್ಬು, ಮಾಂಸ ಪದರ ಪದರವಾಗಿರುವ ತುಂಡು ಇಲ್ಲಿನ ಮೆಟ್ಸ್‌ಗೆರೈಗಳಲ್ಲಿ ದಿನವೂ ಸಿಗುತ್ತದೆ. "ಶ್ವೈನೆಬಾವ್ಖ್ ಮಿಟ್ ಶ್ವಾರ್ಟೆ" ಅಂತ ಕೇಳಿ. ಉಪ್ಪು ಹಾಕಿ ಹೊಗೆಯಲ್ಲಿಟ್ಟದ್ದು ಕೊಡಲು ಬಂದರೆ ಬೇಡ ಅನ್ನಿ. ಅದಕ್ಕೆ ಹಾಕುವ ಕಪ್ಪು ಹುಳಿ ರಸ, ಕಾಚಂಪುಳಿ, ಮಾತ್ರ ಊರಿನಿಂದಲೇ ಬರಬೇಕು.

ಮನೆಗೆ ತಂದ ಮೇಲೆ ಸಿಂಕಿನಲ್ಲಿ ಅರಿಶಿನ ಹಾಕಿ ತೊಳೆಯುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ಕೋಳಿಯನ್ನು ತೊಳೆಯಬೇಡಿ ಅಂತ ಇಲ್ಲಿನ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯೇ ಹೇಳುತ್ತದೆ. ನೀರು ಸಿಡಿದು ಕ್ರಿಮಿಗಳು ಪಕ್ಕದ ತಟ್ಟೆ, ಸೊಪ್ಪಿನ ಮೇಲೆಲ್ಲ ಕೂರುತ್ತವೆ. ಒಳಗಿನವರೆಗೂ 70 ಡಿಗ್ರಿಯಲ್ಲಿ ಎರಡು ನಿಮಿಷ ಬೆಂದರೆ ಅವು ಸಾಯುತ್ತವೆ. ಸಾರಿಗೆ ಈ ಚಿಂತೆ ಇಲ್ಲ, ಬಾಲ್ಕನಿಯಲ್ಲಿ ಕಬಾಬ್ ಸುಡುವಾಗ ನೆನಪಿಡಿ. ಅಮ್ಮ ಊರಿನಿಂದ ಬಂದಾಗ ಈ ವಾದ ಗೆಲ್ಲುವುದಕ್ಕೆ ಆಗುವುದಿಲ್ಲ. ಆಗ ಸಿಂಕ್ ಸುತ್ತ ಇರುವುದನ್ನೆಲ್ಲ ಸುಮ್ನೆ ಎತ್ತಿಡಿ.

ಮೇಕೆಯೇ ಬೇಕು ಅನ್ನುವವರಿಗೆ ಈಸ್ಟರ್ ಒಳ್ಳೆ ಸಮಯ. ಆಗ ಇಲ್ಲಿನವರೂ ಎಳೆ ಮೇಕೆಮರಿ ತಿನ್ನುತ್ತಾರೆ, ಮೆಟ್ಸ್‌ಗೆರೈಯಲ್ಲಿ ಎರಡು ವಾರ ಮೊದಲೇ ಹೇಳಿಡಿ. ಗುಡ್ ಫ್ರೈಡೇ, ಈಸ್ಟರ್ ಭಾನುವಾರ, ಸೋಮವಾರ ಮೂರೂ ದಿನ ರಜೆ. ನಡುವಿನ ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗುರುವಾರವೇ ಹೋಗಿ ತನ್ನಿ.